ಮುಂದಕ್ಕೆ ಹೊಗೆ ಬಿಡುವ ಹಡಗು

ಎಡವಟ್ಟು ಎಲ್ಲರಿಗೂ ಆಗುತ್ತದೆ. ಬೇರೆ ಕಡೆ ಆಗೊಮ್ಮೆ ಈಗೊಮ್ಮೆ ಆಗುವುದು ನಮ್ಮ ರಾಜಾಜಿನಗರದ ಕಾರ್ಖಾನೆಯಲ್ಲಿ ವಾರದ ಸಂತೆಯ ಹಾಗೆ ತಪ್ಪದೆ ಆಗುತ್ತಿತ್ತು, ಮತ್ತು ಪ್ರತಿ ಸಲವೂ ಅದರ ಪಕ್ಕದಲ್ಲಿ ಕೈಯಲ್ಲಿ ಬ್ರಷ್ಷು ಹಿಡಿದು ನಿಂತಿರುತ್ತಿದ್ದವನು ನಾನು.

ನಾವು ತಯಾರಿಸುತ್ತಿದ್ದದ್ದು ಡಿಕಾಲು. ಹೊಲಿಗೆ ಮಿಷನ್ನಿನ ಮೈಮೇಲೆ ಬಂಗಾರದ ಬಣ್ಣದ ಬಳ್ಳಿ ಇರುತ್ತದಲ್ಲ, ಸೈಕಲ್ಲಿನ ಕಂಬಿಯ ಮೇಲೆ ಸಿಂಹದ ತಲೆ ಇರುತ್ತದಲ್ಲ, ಅದನ್ನು ಯಾರೂ ಕೈಯಲ್ಲಿ ಬರೆಯುವುದಿಲ್ಲ. ಅಂಟು ಬಳಿದ ಕಾಗದದ ಮೇಲೆ ಅಚ್ಚು ಹಾಕಿರುತ್ತಾರೆ. ನೀರಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಚಿತ್ರ ಕಾಗದ ಬಿಡುತ್ತದೆ. ಬೆರಳಿನಿಂದ ಮೆಲ್ಲಗೆ ಜಾರಿಸಿ ಬೇಕಾದ ಕಡೆ ಕೂರಿಸಿ, ಒಣಗಿದ ಮೇಲೆ ವಾರ್ನಿಷ್ ಹಚ್ಚಿದರೆ ಕೆಲಸ ಮುಗಿಯಿತು. ನಾನು ಅಲ್ಲಿನ ಆರ್ಟಿಸ್ಟ್. ದೊಡ್ಡ ಚಿತ್ರಕಾರನಾಗಬೇಕೆಂದು ಚಿತ್ರಕಲೆ ಕಲಿತು ಬಂದವನು, ಟ್ರಂಕಿನ ಗುಲಾಬಿ ಬರೆಯುತ್ತಾ ಕೂತಿದ್ದೆ. ನನ್ನ ಹಣೆಬರಹಕ್ಕೆ ಮಾತ್ರ ವಾರ್ನಿಷ್ ಮೊದಲೇ ಹಚ್ಚಿಬಿಟ್ಟಿದ್ದರು, ತಿದ್ದುವ ಹಾಗಿರಲಿಲ್ಲ.

ಡ್ರಮ್ಮಿನಲ್ಲಿ ಗಿಳಿ

ನಮ್ಮ ಯಜಮಾನರು ಒಳ್ಳೆಯವರು. ಅದೇ ತೊಂದರೆ. ಕೆಟ್ಟವರ ಜೊತೆ ಜಗಳ ಆಡಬಹುದು, ಒಳ್ಳೆಯವರ ಜೊತೆ ಏನು ಮಾಡುವುದು? ಯಾರು ಏನು ಕೇಳಿದರೂ ಒಂದು ಹಿಡಿ ಜಾಸ್ತಿಯೇ ಕೊಡಬೇಕು ಅನ್ನುವ ಸ್ವಭಾವ ಅವರದು.

ನಾಯಂಡಹಳ್ಳಿಯಲ್ಲಿ ತಗಡಿನ ಟ್ರಂಕು ಮಾಡುವವರೊಬ್ಬರು ಮೊದಲ ಸಲ ನಮ್ಮಲ್ಲಿ ಗುಲಾಬಿ, ಗಿಳಿ ಎಲ್ಲಾ ತೆಗೆದುಕೊಂಡರು. "ಎಷ್ಟ್ ಹೊತ್ತು ನೆನೆಸ್ಬೇಕು ಸಾರ್?" ಅಂತ ಕೇಳಿದರು. ಒಂದು ನಿಮಿಷ ಅನ್ನಬೇಕಾದ ಯಜಮಾನರು, "ಆತುರ ಬೇಡಿ, ಚೆನ್ನಾಗಿ ನೆನೀಲಿ ಬಿಡಿ" ಅಂದರು. ಟ್ರಂಕಿನವರ ಪಾಲಿಗೆ ನೆನೆಸುವುದು ಅಂದರೆ ದೋಸೆಗೆ ನೆನೆಸುವುದು. ಇಡೀ ಕಟ್ಟನ್ನು ಡ್ರಮ್ಮಿಗೆ ಹಾಕಿ, ಮುಚ್ಚಿ, ಮನೆಗೆ ಹೋಗಿ ಮಲಗಿದರು.

ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಡ್ರಮ್ಮು ಬಂತು, ಜೊತೆಗೆ ಒಂದು ಖಾಲಿ ಟ್ರಂಕು. ಬಗ್ಗಿ ನೋಡಿದರೆ ಕಾಗದವೆಲ್ಲ ತಳ ಸೇರಿ, ನೀರಿನ ಮೇಲೆ ಗುಲಾಬಿ ತೇಲುತ್ತಿದ್ದವು, ನಡುವೆ ಗಿಳಿಗಳು ಈಜುತ್ತಿದ್ದವು. "ಹೂವೆಲ್ಲ ಬಿಟ್ಕೊಂಡಿದೆ ಸಾರ್. ಈಗ ಪೆಟ್ಟಿಗೆ ಮುಳುಗಿಸ್ಲಾ?" ಅಂತ ಕೇಳಿದರು. ನಾನು ತಲೆ ಮೇಲೆ ಕೈ ಹೊತ್ತೆ. ಯಜಮಾನರು ಯೋಚಿಸಿ, "ಒಂದ್ಸಲ ಮುಳುಗ್ಸಿ ನೋಡಿ" ಅಂದರು.

ಮುಳುಗಿಸಿದರು. ಬೀಗದ ತೂತಿನಿಂದ ಗಿಳಿಯೊಂದು ಇಣುಕುವ ಹಾಗೆ ಅಂಟಿಕೊಂಡು ಟ್ರಂಕು ಮೇಲೆ ಬಂತು. ನಾನು ತಿಂಗಳೆಲ್ಲ ಅಳತೆ ಹಿಡಿದು ಬರೆದ ಗುಲಾಬಿಯನ್ನು ಆಮೇಲೆ ನೆಟ್ಟಗೆ ಅಂಟಿಸಿದ ಟ್ರಂಕುಗಳು ಅವರ ಅಂಗಡಿಯಲ್ಲೇ ಉಳಿದವು, ಮೊದಲು ಮಾರಾಟವಾದದ್ದು ಅದು.

ನೇವಿಯವರು

ಬಾಂಗ್ಲಾ ಯುದ್ಧ ಮುಗಿದು ಕೆಲವು ವರ್ಷ ಆಗಿತ್ತು. ಒಂದು ದಿನ ಎತ್ತರದ, ಬೋಳು ತಲೆಯ, ಮುಖವನ್ನು ನುಣ್ಣಗೆ ಹೆರೆದುಕೊಂಡು ಹಣೆ ತುಂಬ ವಿಭೂತಿ ಹಚ್ಚಿಕೊಂಡಿದ್ದ ಒಬ್ಬರು ರಟ್ಟಿನ ಡಬ್ಬಿಯೊಂದನ್ನು ಎದೆಗೊತ್ತಿಕೊಂಡು ಒಳಗೆ ಬಂದರು. ಹಾವೇರಿ ಕಡೆಯವರು, ವಿಜಯನಗರದಲ್ಲಿ ಮನೆ ಮಾಡಿದ್ದರು. ನೌಕಾದಳದಲ್ಲಿ ವಿಮಾನಗಳ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅಂದಿನಿಂದ ನಮ್ಮಲ್ಲಿ ಅವರ ಹೆಸರು ನೇವಿಯವರು.

ಡಬ್ಬಿಯೊಳಗೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಪ್ಲಾಸ್ಟಿಕ್ ಯುದ್ಧವಿಮಾನ ಇತ್ತು. ಹಡಗಿನ ಮೇಲಿಂದಲೇ ಹಾರಿ ಹಡಗಿನ ಮೇಲೇ ಇಳಿಯುವ ಜಾತಿಯದು. ಬಿಡಿ ಭಾಗಗಳನ್ನು ಬೊಂಬಾಯಿಂದ ತರಿಸಿ, ತಾವೇ ಜೋಡಿಸಿ ಬಣ್ಣ ಬಳಿದಿದ್ದರು. ಡಬ್ಬಿಯ ಜೊತೆ ಬಂದಿದ್ದ ಡಿಕಾಲುಗಳು ಬೇರೆ ಯಾವುದೋ ದೇಶದವು.

"ಇದು ನಾ ನೋಡ್ಕೊಂಡಿದ್ದ ವಿಮಾನ್ರಿ" ಅಂದರು. "ಯುದ್ಧದಾಗ ಎರಡು ಹಡಗಾ ಮುಳುಗಿಸಿ ಬಂತು. ಮುಳುಗಿಸಿದ್ದಕ್ಕ ಒಂದೊಂದು ಗುರುತು ಬರೀತಾರ, ಮೂಗಿನ ಕೆಳಗ. ಬರದಾಂವ ನಾನ. ಆಮ್ಯಾಲೆ ಹೊಸಾ ಬಣ್ಣ ಹೊಡಿಯೂ ಮುಂದ ಅದೂ ಹೋತು. ಈಗ ಆ ಗುರುತು ಇದಕ್ಕ ಬೇಕು."

ಕಿಸೆಯಿಂದ ಚಿತ್ರ ತೆಗೆದು ಕೊಟ್ಟರು. ಪುಟ್ಟ ಕಪ್ಪು ಹಡಗು. ಆದರೆ ಹಡಗು ಎತ್ತ ಹೋಗುತ್ತಿದೆಯೋ ಹೊಗೆಯೂ ಅತ್ತಲೇ ಹೋಗುತ್ತಿತ್ತು, ಅದೂ ಹಡಗಿಗಿಂತ ಮುಂಚೆ.

"ಸಾರ್, ಈ ಹೊಗೆ..." ಅಂದೆ.

"ಗೊತ್ತೈತ್ರಿ. ಅದು ಹಂಗ ಇರ್ಬೇಕು."

ಕಥೆ ಹೇಳಿದರು. ಅವರು ಗುರುತು ಬರೆದದ್ದು ವಿಮಾನದ ಕೆಳಗೆ ಅಂಗಾತ ಮಲಗಿ. ಹಡಗು ಸರಿಯಾಗಿ ಬಂತು, ಎಡ ಯಾವುದು ಬಲ ಯಾವುದು ತಿಳಿಯದೆ ಹೊಗೆ ಉಲ್ಟಾ ಬಿತ್ತು. ಇಡೀ ಹಡಗಿನವರು ನೋಡಿ ನೋಡಿ ನಕ್ಕರಂತೆ. ಅಷ್ಟರಲ್ಲಿ ಅದನ್ನು ಹಾರಿಸಿದ ಪೈಲಟ್ಟು ಬಂದರು. ಮೈಸೂರು ಕಡೆಯವರು. ಬಗ್ಗಿ ನೋಡಿ, ಅಳಿಸಲು ಹೊರಟಿದ್ದ ಇವರ ಕೈ ಹಿಡಿದು, "ಇರ್ಲಿ ಬಿಡಯ್ಯಾ, ಮುಳುಗೋ ಹಡಗಿಗೆ ಯಾವ ದಿಕ್ಕು?" ಅಂದರಂತೆ. ಎಲ್ಲರೆದುರಿಗೆ ಕೈ ಕುಲುಕಿದರಂತೆ.

ಆ ಪೈಲಟ್ಟಿನ ಹೆಸರು ಕೇಳಿ ನಾನು ಬೆಚ್ಚಿಬಿದ್ದೆ. ಬಸವೇಶ್ವರನಗರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲೀಕರ ಅಳಿಯ ಅವರು! ದೀಪಾವಳಿಗೆ ಮಾವನ ಮನೆಗೆ ಬರುವವರಿದ್ದರು.

"ಹಾಗಾದ್ರೆ ನೀವೇ ಬಂದು ಮಾತಾಡ್ಸಿ ಸಾರ್" ಅಂದೆ.

"ಬ್ಯಾಡ್ರಿ. ಆವಾಗ ನನಗ ಮುಖಾ ತುಂಬ ಗಡ್ಡ, ತಲಿ ತುಂಬ ಕೂದಲ. ಈಗ ನೋಡ್ರಿ ಈ ಅವತಾರ. ನಾ ಇಂಥಾಂವ ಅಂತ ನಾನ ಹೇಳ್ಕೊಂಡ್ರ ಅದೇನ ಗುರುತು ಹಿಡದಂಗಾತ್ರಿ? ನೀವು ಅವ್ರನ್ನ ವಿಮಾನ ನೋಡಾಕ ಕರ್ಕೊಂಡ್ ಬರ್ರಿ. ಅವ್ರು ಹೊಗಿ ನೋಡ್ಬೇಕು, ತಾವಾಗೇ ನನ್ನ ಹಿಡೀಬೇಕು."

ಅವರ ದನಿ ಸಣ್ಣದಾಯಿತು. ಅಷ್ಟು ವರ್ಷ ಮಾಡಿದ ನೌಕರಿಗೆ ಉಳಿದ ಸಾಕ್ಷಿ ಆ ಒಂದು ಕೈಕುಲುಕು. ಅದು ಆ ಪೈಲಟ್ಟಿಗೂ ಮರೆತುಹೋಗಿದ್ದರೆ ಎನ್ನುವುದೇ ಅವರ ದಿಗಿಲು.

"ಓಣ್ಯಾಗ ಯಾರೂ ನಂಬೂದಿಲ್ರಿ" ಅಂದರು. "ಓಣಿ ಹಾಳಾಗ್ಲಿ, ಮನ್ಯಾಗ ಹೆಂಡ್ತಿನೂ ನಂಬೂದಿಲ್ಲ. 'ನೀವು ಹಡಗಿನ್ಯಾಗ ಅಡಗಿ ಮಾಡ್ತಿದ್ದಿರೇನೋ, ಆದ್ರ ನಿಮ್ಮ ಕೈ ಉಪ್ಪಿಟ್ಟು ತಿಂದ್ರ ಅದೂ ಅಲ್ಲ ಅನಸ್ತೈತಿ' ಅಂತಾಳ್ರಿ."

ಕೊಸರು

ಚಿತ್ರವನ್ನು ದೊಡ್ಡದಾಗಿ ಬರೆದು, ಕ್ಯಾಮೆರಾದವರ ಹತ್ತಿರ ಅಕ್ಕಿಕಾಳಿನಷ್ಟಕ್ಕೆ ಇಳಿಸಿ ಫಿಲ್ಮು ಮಾಡಿಸಬೇಕಿತ್ತು. ನಾನು ಬರೆದೆ. ಹೊಗೆ ಮುಂದಕ್ಕೇ ಬರೆದೆ. ಕಲಿಸಿದ ಮೇಷ್ಟರು ನೋಡಿದ್ದರೆ ಕಪಾಳಕ್ಕೆ ಬಿಗಿಯುತ್ತಿದ್ದರು. ಅಳತೆಯನ್ನು ಬರೆದಿಟ್ಟೂ ಇದ್ದೆ.

ಅಚ್ಚಾಗಿ ಬಂದಾಗ ಒಂದೊಂದು ಹಡಗೂ ಅಂಗೈಯಷ್ಟಿತ್ತು.

"ಅಕ್ಕಿಕಾಳಿನಷ್ಟು ಅಂತ ಬರ್ದಿದ್ಯಲ್ಲಪ್ಪಾ" ಅಂದರು ಯಜಮಾನರು, ಬಹಳ ಮರುಕದಿಂದ. "ದೇಶಕ್ಕೋಸ್ಕರ ಯುದ್ಧ ಮಾಡಿ ಬಂದೋರು. ಅವರ ಕೈಗೆ ಅಕ್ಕಿಕಾಳು ಕೊಡೋಕಾಗುತ್ತಾ? ನಾನೇ ದೊಡ್ಡದು ಮಾಡ್ಸಿದೆ. ಹಾಳೆಗಳೂ ಜಾಸ್ತಿ ಹಾಕ್ಸಿದೀನಿ, ಕೊಸರು."

ನೇವಿಯವರು ಬಂದು ಒಂದು ಹಡಗನ್ನು ವಿಮಾನದ ಪಕ್ಕ ಇಟ್ಟು ನೋಡಿದರು. ಮೂಗಿನಿಂದ ಬಾಲದವರೆಗೂ ಹಡಗೇ ಆಯಿತು, ಹೊಗೆಗೆ ಜಾಗ ಸಾಲಲಿಲ್ಲ. ಅವರು ಯಜಮಾನರ ಮೇಲೆ ಕೂಗಾಡುತ್ತಾರೆಂದು ನಾನು ಕಾದೆ, ಸ್ವಲ್ಪ ಆಸೆಯಿಂದಲೇ ಕಾದೆ. ಅವರು ಹಡಗನ್ನೂ ವಿಮಾನವನ್ನೂ ನೋಡಿ ನಿಟ್ಟುಸಿರಿಟ್ಟರು.

"ಇಷ್ಟ ದೊಡ್ಡ ಹಡಗಾ ಎದುರಿಗೆ ಬಂದಿದ್ರ ನಮ್ಮ ಸಾಹೇಬ್ರು ಮುಳುಗಸ್ತಿರ್ಲಿಲ್ರಿ" ಅಂದರು. "ಹತ್ತಿ ಊರಿಗೆ ಬರ್ತಿದ್ರು."

ಹಡಗು ಮಾರ್ಕು

ಚಿಕ್ಕ ಹಡಗಿನ ಅಚ್ಚು ನಾನೇ ನಿಂತು ಮಾಡಿಸಿದೆ. ಯಜಮಾನರಿಗೆ ಅದು ಹಿಡಿಸಲಿಲ್ಲ. "ಇಂಥ ಚಿಕ್ಕದಕ್ಕೆ ಒಂದು ಹಾಳೆ ಸಾಕು" ಅಂದು ಒಂದೇ ಹಾಳೆಗೆ ನಿಲ್ಲಿಸಿದರು. ಜನ್ಮದಲ್ಲಿ ಒಂದೇ ಒಂದು ಸಲ ಅವರ ಕೈ ಬಿಗಿಯಾದದ್ದು, ಅದೂ ಯಾವಾಗ ನೋಡಿ.

ಹಾಗಾದರೆ ಆ ದೊಡ್ಡ ಹಡಗುಗಳು ಏನಾದವು? ರಾಜಾಜಿನಗರದಲ್ಲೇ ಹೊಲಿಗೆ ಮಿಷನ್ ಜೋಡಿಸಿ ಮಾರುವವರೊಬ್ಬರು ನಮ್ಮಿಂದ ಬಂಗಾರದ ಬಳ್ಳಿಯ ಡಿಕಾಲು ಒಯ್ಯುತ್ತಿದ್ದರು. ಯಜಮಾನರು ಆ ಸಲ ಬಳ್ಳಿಯ ಜೊತೆ ಹಡಗನ್ನೂ ಕೊಸರು ಹಾಕಿ ಕಳಿಸಿದರು. ಅವರು ಏನೂ ಕೇಳದೆ ಒಂದೊಂದು ಮಿಷನ್ನಿಗೂ ಎರಡೆರಡು ಹಡಗು ಅಂಟಿಸಿ, ವಾರ್ನಿಷ್ ಹೊಡೆದು, ಅಂಗಡಿಗಳಿಗೆ ಕಳಿಸಿಬಿಟ್ಟರು.

ನಾನು ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡು ಕೂತಿದ್ದೆ. ಬಂದದ್ದು ಬೇಡಿಕೆ. "ಹಡಗು ಮಾರ್ಕಿಂದು ಇದ್ಯಾ?" ಅಂತ ಹೆಂಗಸರು ಅಂಗಡಿಯಲ್ಲಿ ಕೇಳತೊಡಗಿದರು. ಬಳ್ಳಿ ಮಾತ್ರ ಇರುವುದು ಡೂಪ್ಲಿಕೇಟು, ಹಡಗು ಇರುವುದೇ ಅಸಲಿ, ಹಡಗಿನಲ್ಲಿ ಬಂದದ್ದು ಎನ್ನುವ ಸುದ್ದಿ ಹಬ್ಬಿತು. ಹೊಗೆ ಮುಂದಕ್ಕೆ ಹೋಗುವುದೇ ಅಸಲಿಯ ಗುರುತು ಅಂತ ಒಬ್ಬ ಅಂಗಡಿಯವರು ನನಗೇ ಹೇಳಿಕೊಟ್ಟರು. ನಾನು ಪ್ರಾಣ ಒತ್ತೆಯಿಟ್ಟು ಬರೆದ ನವಿಲು, ಕಮಲ, ವೀಣೆ ಯಾವುದನ್ನೂ ಯಾರೂ ಯಾವತ್ತೂ ಕೇಳಿರಲಿಲ್ಲ.

ವಿಜಯನಗರದ ನೇವಿಯವರ ಮನೆಗೂ ಒಂದು ಹಡಗು ಮಾರ್ಕು ಬಂತು. ಅವರ ಮನೆಯವರು ಬಾಪೂಜಿನಗರದ ಹೆಂಗಸರಿಗೆ ರವಿಕೆ ಹೊಲಿದುಕೊಡುತ್ತಿದ್ದರು. ಕೈ ಧಾರಾಳ, ಕಣ್ಣಳತೆ ಮಾತ್ರ ಸ್ವಲ್ಪ ಕಡಿಮೆ. ತಮ್ಮ ಮಿಷನ್ ಹಳೆಯದಾಗಿರುವುದೇ ಕಾರಣ ಅಂತ ಹೊಸದು ಕೊಂಡರು. ಹಡಗು ನೋಡಿ ನೇವಿಯವರಿಗೆ ಮೈಯೆಲ್ಲಾ ಉರಿದುಹೋಯಿತು. "ಜೀವದ ಹಂಗು ತೊರದು ಮುಳುಗಿಸಿ ಬಂದ ಗುರುತು, ರವಿಕಿ ಹೊಲಿಯೂ ಮಿಷಿನ್ ಮ್ಯಾಲೆ?" ಅಂತ ಕೂಗಾಡಿದರು. ಕಸೂತಿಯ ಮುಸುಕು ಹಾಕಿಯೇ ಇಡಬೇಕು, ಯಾರು ಬಂದರೂ ತೆಗೆಯಬಾರದು ಎಂದು ಕಟ್ಟುನಿಟ್ಟು ಮಾಡಿದರು.

ಅವರ ಮನೆಯವರು ಮುಸುಕು ಎಳೆಯುತ್ತಾ, ಆ ಹೊತ್ತಿಗೆ ಅಲ್ಲಿಗೆ ಹೋಗಿದ್ದ ನನ್ನ ಕಡೆ ತಿರುಗಿ, "ನಲವತ್ತು ಮಂದಿ ಮನಿಯೊಳಗ ಹಡಗಾ ಐತ್ರಿ. ಅವ್ರ ಗಂಡಂದಿರೆಲ್ಲಾ ಯಾವ ಯುದ್ಧಕ್ಕ ಹೋಗಿದ್ರು ಕೇಳ್ರಿ ಇವ್ರನ್ನ" ಅಂದರು.

ಆಯುಧಪೂಜೆ

ಒಂದೇ ಹಾಳೆ ಇತ್ತು ಅಂದೆನಲ್ಲ. ಅದರಲ್ಲಿದ್ದ ಅಕ್ಕಿಕಾಳು ಹಡಗುಗಳಲ್ಲಿ ಹೆಚ್ಚಿನವು ಅಂಟಿಸುವ ಅಭ್ಯಾಸದಲ್ಲೇ ಖರ್ಚಾದವು. ಒಂದು ನೇವಿಯವರ ಹೆಬ್ಬೆರಳಿಗೆ, ಒಂದು ಅವರ ಕನ್ನಡಕಕ್ಕೆ ಅಂಟಿತು. ಒಂದು ಕಾಣೆಯಾಗಿ, ಕಾಫಿ ಕುಡಿಯುವಾಗ ನನ್ನ ಮೀಸೆಯಲ್ಲಿ ಸಿಕ್ಕಿತು. ಕೊನೆಗೆ ಎರಡು ಹಡಗು ಮೂಗಿನ ಕೆಳಗೆ ನೆಟ್ಟಗೆ ಕೂತವು. ಭೂತಗನ್ನಡಿ ಹಿಡಿದು ನೋಡಿದರೆ ಹೊಗೆ ಮುಂದಕ್ಕೆ! ಅವರ ಕಣ್ಣು ತುಂಬಿತು, ನನ್ನದೂ. ನನ್ನ ಕೈಯಿಂದಲೂ ಒಂದು ಕೆಲಸ ಸರಿಯಾಗಿ ಆಯಿತಲ್ಲ ಅನ್ನಿಸಿತು. "ನಾಳೆ ಹಬ್ಬ, ಪೂಜೆ ಮುಗಿದ್ಮೇಲೆ ವಾರ್ನಿಷ್ ಹಚ್ತೀನಿ" ಅಂತ ಹೇಳಿ ಹೊರಟೆ. ಯಾಕೆ ಹೇಳಿದೆನೋ.

ಮಾರನೆಯ ದಿನ ಆಯುಧಪೂಜೆ. ಆ ದಿನ ಚಕ್ರ ಇರುವುದನ್ನೆಲ್ಲ ತೊಳೆಯದೆ ಬಿಟ್ಟರೆ ಅದು ಮನೆಯೇ? ನಾನು ವಾರ್ನಿಷ್ ಡಬ್ಬಿ ಹಿಡಿದು ಹೋದಾಗ ಅಂಗಳದಲ್ಲಿ ಸೈಕಲ್ಲು, ಸ್ಪ್ಯಾನರು, ಹೊಲಿಗೆ ಮಿಷನ್ನು, ಈಳಿಗೆಮಣೆ ಎಲ್ಲ ಸ್ನಾನ ಮುಗಿಸಿ ಸಾಲಾಗಿ ಕೂತಿದ್ದವು. ಕೊನೆಯಲ್ಲಿ ವಿಮಾನ. ಮೂಗಿಗೆ ಮೂರು ಗೆರೆ ವಿಭೂತಿ, ರೆಕ್ಕೆಗೆ ಕುಂಕುಮ, ಬಾಲಕ್ಕೆ ಸೇವಂತಿಗೆ. ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕಲ್ಲ, ಇಟ್ಟಿದ್ದರು. ನಿಂಬೆಹಣ್ಣು ಚಕ್ರಕ್ಕಿಂತ ದೊಡ್ಡದು, ವಿಮಾನ ಅದರ ಮೇಲೆ ಹತ್ತಿ ಕೂತು ಆಗಲೇ ಆಕಾಶಕ್ಕೆ ಹೊರಟ ಹಾಗಿತ್ತು.

ಹಡಗು ಇರಲಿಲ್ಲ.

"ಸೀಗಿಪುಡಿ ಹಾಕಿ, ತೆಂಗಿನ ಜುಂಗಿನ್ಯಾಗ ಹಗೂರಕ ತಿಕ್ಕಿದ್ನಿರಿ" ಅಂದರು ಅವರ ಮನೆಯವರು, ಹೆಮ್ಮೆಯಿಂದ. "ಮೂಗಿನ ಕೆಳಗ ಎರಡು ಕರೀ ಕಲಿ ಇದ್ವು, ಅವೂ ಹೋದ್ವು."

ಹೊಲಿಗೆ ಮಿಷನ್ನಿನ ಮೇಲಿನ ಹಡಗುಗಳು ವಾರ್ನಿಷ್ಷಿನ ದಯೆಯಿಂದ ಮಿರಮಿರ ಮಿಂಚುತ್ತಿದ್ದವು. ನೇವಿಯವರು ಬಚ್ಚಲ ನೀರು ಹರಿದುಹೋದ ಮೋರಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ನಾನು ಹೆಗಲ ಮೇಲೆ ಕೈಯಿಟ್ಟೆ.

"ನಮ್ಮ ಸಾಹೇಬ್ರಿಗೆ ಎರಡು ಹಡಗಾ ಮುಳುಗಸಾಕ ರಾಕೆಟ್ ಬೇಕಾತ್ರಿ" ಅಂದರು. "ಈಕಿಗೆ ಒಂದು ಮುಷ್ಟಿ ಸೀಗಿಪುಡಿ."

ತಿದ್ದುಪಡಿ

ದೀಪಾವಳಿ ಹತ್ತಿರ ಬರುತ್ತಿತ್ತು. ಅಚ್ಚು ಮುಗಿದ ಸ್ಕ್ರೀನನ್ನು, ಅಂದರೆ ಅಚ್ಚಿನ ಜಾಲರಿಯನ್ನು, ತೊಳೆದು ಬೇರೆ ಕೆಲಸಕ್ಕೆ ಹಾಕುವುದು ನಮ್ಮ ಪದ್ಧತಿ, ಹಾಗಾಗಿ ಮತ್ತೆ ಮೊದಲಿಂದ ಮಾಡಬೇಕಿತ್ತು. ಫಿಲ್ಮು ತೆಗೆದಿಟ್ಟೆ. ಅಷ್ಟರಲ್ಲಿ ನನಗೆ ಚಳಿಜ್ವರ ಬಂದು ಮಲಗಿಬಿಟ್ಟೆ. "ನೀನು ಯೋಚ್ನೆ ಮಾಡ್ಬೇಡ, ನಾನೇ ಮುಂದೆ ನಿಂತು ಮಾಡ್ಸಿ ಅವರ ಮನೆಗೇ ತಲುಪಿಸ್ತೀನಿ" ಎಂದು ಯಜಮಾನರು ಹೇಳಿ ಕಳಿಸಿದರು. ಜ್ವರ ಏರಿತು.

ಮೈ ಸ್ವಲ್ಪ ಹಗುರಾದ ಮೇಲೆ ವಿಜಯನಗರಕ್ಕೆ ಹೋದೆ. ಹಡಗು ಕೂತಿತ್ತು, ವಾರ್ನಿಷ್ ಬಿದ್ದಿತ್ತು, ಎಲ್ಲ ಗಟ್ಟಿಯಾಗಿ ಒಣಗಿತ್ತು. ನೇವಿಯವರು ಭೂತಗನ್ನಡಿ ಕೈಗೆ ಕೊಟ್ಟರು. ನೋಡಿದೆ. ಹಡಗು ಮುಂದಕ್ಕೆ ಹೋಗುತ್ತಿತ್ತು, ಹೊಗೆ ಹಿಂದಕ್ಕೆ ಹೋಗುತ್ತಿತ್ತು. ಪಾಠದ ಪುಸ್ತಕದಲ್ಲಿರುವ ಹಾಗೆ.

"ಅಂಟಿಸೂ ಮುಂದ ಕಾಣಲಿಲ್ರಿ, ಕಣ್ಣು ಮಂಜು" ಅಂದರು. "ಈಗ ಕಿತ್ರ ಬಣ್ಣಾನೂ ಬರ್ತೈತಿ."

ಓಡೋಡಿ ಯಜಮಾನರ ಹತ್ತಿರ ಹೋದೆ. ಅವರ ಮುಖ ಬೆಳಗುತ್ತಿತ್ತು. "ನೋಡಿದ್ಯಾ? ಜ್ವರದಲ್ಲಿ ಪಾಪ ಹೊಗೆ ತಪ್ಪು ಬರ್ದಿದ್ದೆ ನೀನು. ನಾನೇ ಬ್ರಷ್ ಹಿಡಿದು ಫಿಲ್ಮ್ ತಿದ್ದಿದೆ. ನಿನ್ನ ಮರ್ಯಾದೆ ಉಳೀತು" ಅಂದರು. ಅಷ್ಟು ಸಣ್ಣ ಹೊಗೆಯನ್ನು ಅಷ್ಟು ಅಚ್ಚುಕಟ್ಟಾಗಿ ತಿದ್ದುವ ಕೈ ನನಗೂ ಇಲ್ಲ. ಇಷ್ಟು ವರ್ಷ ಅವರು ಸರಿಯಾಗಿ ಮಾಡಿದ ಕೆಲಸ ಅದೊಂದೇ, ಅದೊಂದೇ ತಪ್ಪಾಗಬೇಕಿತ್ತು.

ಗುರುತು

ದೀಪಾವಳಿಯ ಮಾರನೆಯ ಬೆಳಿಗ್ಗೆ ಪೈಲಟ್ ಸಾಹೇಬರನ್ನು ಆಟೋದಲ್ಲಿ ಕರೆದುಕೊಂಡು ಹೊರಟೆ. ನೇವಿಯಲ್ಲಿದ್ದ ಒಬ್ಬರು ನಿಮ್ಮ ವಿಮಾನ ಮಾಡಿದ್ದಾರೆ ಅಂದಷ್ಟೇ ಹೇಳಿದ್ದೆ. ಅದಕ್ಕಿಂತ ಒಂದು ಅಕ್ಷರ ಜಾಸ್ತಿ ಹೇಳುವುದಿಲ್ಲ ಎಂದು ನೇವಿಯವರು ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ಸಾಹೇಬರು ಮಾವ ಹಬ್ಬಕ್ಕೆ ಕೊಟ್ಟಿದ್ದ ಹೊಸ ಶರ್ಟು ಹಾಕಿದ್ದರು, ಮಡಿಕೆಯ ಗೀರು ಕೂಡ ಹೋಗಿರಲಿಲ್ಲ. "ಮಧ್ಯಾಹ್ನ ಊಟಕ್ಕೆ ನೆಂಟರೆಲ್ಲ ಬರ್ತಾರೆ, ಬೇಗ ಬಂದ್ಬಿಡೋಣ" ಅಂದರು.

ನೇವಿಯವರು ಇಸ್ತ್ರಿ ಹಾಕಿದ ಬಿಳಿ ಬಟ್ಟೆಯಲ್ಲಿ ಬಾಗಿಲಲ್ಲೇ ನಿಂತಿದ್ದರು. ಸಾಹೇಬರು ಕೈಮುಗಿದು ನಮಸ್ಕಾರ ಹೇಳಿದರು, ಎಲ್ಲರಿಗೂ ಹೇಳುವ ನಮಸ್ಕಾರ. ಕುರ್ಚಿಯಲ್ಲಿ ಕೂತು ವಿಮಾನವನ್ನು ಕೈಗೆ ತೆಗೆದುಕೊಂಡರು. ತಿರುಗಿಸಿ ನೋಡಿದರು. ಮೂಗಿನ ಕೆಳಗೂ ನೋಡಿದರು.

"ಬಹಳ ಚೆನ್ನಾಗ್ ಮಾಡಿದೀರಿ. ಹಡಗೂ ಇದೆ. ತುಂಬಾ ನೀಟಾಗಿದೆ ರೀ."

ಅಷ್ಟೇ. ಇಳಿಸಿಟ್ಟರು.

"ನೀವೂ ನಮ್ಮ ಹಡಗಲ್ಲೇ ಇದ್ರಾ?"

"ಹೌದ್ರಿ ಸಾರ್" ಅಂದರು ನೇವಿಯವರು.

"ಒಳ್ಳ್ ಒಳ್ಳೇ ಜನ ಇದ್ರು" ಅಂದರು ಸಾಹೇಬರು. ಆಮೇಲೆ ವಿಜಯನಗರದಲ್ಲಿ ನೀರು ಹೇಗೆ ಬರುತ್ತದೆ ಅಂತ ಕೇಳಿದರು. ನೇವಿಯವರು ನೀರು ಹೇಗೆ ಬರುತ್ತದೆ ಅಂತ ಹೇಳಿದರು. ಅವರ ಮುಖ ನೋಡಲಾಗದೆ ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಬಾಯಿ ಬಿಟ್ಟು ಹೇಳಿಬಿಡೋಣ ಅನ್ನಿಸಿತು. ನೇವಿಯವರು ನನ್ನನ್ನು ಸುಡುವ ಹಾಗೆ ನೋಡಿದರು. ಕಾಫಿ ಬಂತು, ಮುಗಿಯಿತು. ಹೊಗೆ ತಿದ್ದಿದ ಆ ಒಳ್ಳೆಯ ಕೈಯನ್ನು ಮನಸ್ಸಿನಲ್ಲೇ ಎಷ್ಟು ಶಪಿಸಿದೆನೋ.

"ಬರ್ಲಾ ಹಾಗಾದ್ರೆ?" ಎಂದು ಸಾಹೇಬರು ಎದ್ದರು. ಎದ್ದವರ ತೋಳು ಕುರ್ಚಿಯ ಮೊಳೆಗೆ ಸಿಕ್ಕಿ ಪರ್ರೆಂದಿತು. ಹೊಸ ಶರ್ಟು, ಮಾವ ಕೊಟ್ಟದ್ದು, ಮೊಣಕೈ ಹತ್ತಿರ ಬಾಯಿ ಬಿಟ್ಟಿತು.

"ಅಯ್ಯ, ತಗೀರಿ ಸಾರ್, ಒಂದ ನಿಮಿಷದಾಗ ಹೊಲದ ಕೊಡ್ತೀನಿ!" ಎಂದು ಒಳಗಿಂದ ನೇವಿಯವರ ಮನೆಯವರು ಓಡಿ ಬಂದರು. "ಬ್ಯಾಡ, ಬ್ಯಾಡ" ಎಂದು ನೇವಿಯವರು ಎರಡು ಕೈಯಲ್ಲೂ ಸನ್ನೆ ಮಾಡಿದರು. ಯಾರು ನೋಡಬೇಕು? ನೆಂಟರೆದುರು ಹರಿದ ಶರ್ಟಿನಲ್ಲಿ ಹೋಗುವುದು ಹೇಗೆಂದು ಸಾಹೇಬರು ಆಗಲೇ ಶರ್ಟು ಬಿಚ್ಚಿಕೊಟ್ಟು ಬನಿಯನ್ನಿನಲ್ಲಿ ನಿಂತಿದ್ದರು. ಆಕೆ ಮೂಲೆಯ ಮುಸುಕು ಎಳೆದು ಎಸೆದು, ಗಡಗಡ ತುಳಿಯತೊಡಗಿದರು.

ಸಾಹೇಬರು ಸುಮ್ಮನೆ ಅತ್ತ ನೋಡಿದರು. ಮಿಷನ್ನಿನ ಮೈಮೇಲೆ ಎರಡು ಹಡಗು. ಹತ್ತಿರ ಹೋದರು. ಬಗ್ಗಿದರು. ಮಿಷನ್ ಗಡಗಡ ಅನ್ನುತ್ತಲೇ ಇತ್ತು, ಬೆರಳಿನಿಂದ ಹೊಗೆಯನ್ನು ಮುಟ್ಟಿ ಅದು ಎತ್ತ ಹೋಗುತ್ತಿದೆ ಅಂತ ನೋಡಿದರು. ತಟ್ಟನೆ ತಿರುಗಿದರು. ನೇವಿಯವರ ಬೋಳು ತಲೆ, ವಿಭೂತಿ, ನುಣ್ಣನೆಯ ಕೆನ್ನೆ ಎಲ್ಲವನ್ನೂ ಮೇಲಿಂದ ಕೆಳಗೆ ನೋಡಿದರು.

"ಗಡ್ಡ ಎಲ್ಲಯ್ಯಾ ನಿಂದು?" ಅಂದರು.

ನೇವಿಯವರು ಸೆಲ್ಯೂಟ್ ಹೊಡೆಯಲು ಕೈ ಎತ್ತಿದರು, ಆ ಕೈ ಕಣ್ಣಿಗೆ ಹೋಯಿತು.

"ಲೋ, ಮುಳುಗೋ ಹಡಗಿಗೆ ಯಾವ ದಿಕ್ಕು ಅಂದಿದ್ದೆನಲ್ಲೋ! ಮತ್ತೆ ಆ ವಿಮಾನದ ಮೇಲೆ ಯಾಕಯ್ಯಾ ಸರಿ ಮಾಡಿದೆ?"

"ನಾ ಮಾಡಿಲ್ರಿ ಸಾರ್" ಎಂದರು ನೇವಿಯವರು ಅಳುತ್ತಾ, ನನ್ನನ್ನು ತೋರಿಸಿ. "ಇವ್ರ ಯಜಮಾನರು ಭಾಳ ಒಳ್ಳೇವ್ರು."

ಸಾಹೇಬರು ಬನಿಯನ್ನಿನಲ್ಲೇ ಅವರನ್ನು ಅಪ್ಪಿಕೊಂಡರು. ಅವರ ಮನೆಯವರು ತುಳಿಯುವುದು ನಿಲ್ಲಿಸಿ, ಬಾಯಿ ತೆರೆದು ಗಂಡನನ್ನೇ ನೋಡಿದರು. "ಹಂಗಾದ್ರ ಇವ್ರು ಖರೇನ ಹಡಗಾ ಬರದಿದ್ರು?" ಎಂದು ನನ್ನನ್ನು ಮೆಲ್ಲಗೆ ಕೇಳಿದರು. ಹೌದೆಂದೆ. ಅವರೂ ಸೆರಗಿನಿಂದ ಕಣ್ಣೊರೆಸಿಕೊಂಡು, ಹಾಗೆಯೇ, ಕಣ್ಣೊರೆಸಿಕೊಳ್ಳುತ್ತಲೇ, ಉಳಿದ ಹೊಲಿಗೆ ಮುಗಿಸಿಬಿಟ್ಟರು.

ಸಾಹೇಬರು ಶರ್ಟು ತೆಗೆದುಕೊಂಡು ತೋಳಿಗೆ ಕೈ ಹಾಕಿದರು. ಕೈ ಮೊಣಕೈವರೆಗೆ ಹೋಗಿ ನಿಂತಿತು. ತಳ್ಳಿದರು, ಮುಂದಕ್ಕೆ ಹೋಗಲಿಲ್ಲ. ತೋಳಿನ ಮೇಲಿನ ಪದರವನ್ನೂ ಕೆಳಗಿನ ಪದರವನ್ನೂ ಸೇರಿಸಿ, ಒಂದು ನೂಲೂ ಸಡಿಲವಿಲ್ಲದಂತೆ ಹೊಲಿದಿದ್ದರು ಆಕೆ. ಮಾವ ಕೊಟ್ಟ ಹೊಸ ಶರ್ಟು ಒಂದು ತೋಳಿನ ಚೀಲವಾಗಿತ್ತು.

ಸಾಹೇಬರು ತಮ್ಮ ಸಿಕ್ಕಿಕೊಂಡ ಕೈಯನ್ನು ನೋಡಿದರು, ಮಿಷನ್ನಿನ ಮೇಲಿನ ಎರಡು ಹಡಗನ್ನು ನೋಡಿದರು.

"ಬಣ್ಣ, ಬ್ರಷ್ಷು ಇದ್ಯೇನಯ್ಯಾ ಮನೇಲಿ?"

"ಐತ್ರಿ ಸಾರ್."

"ತಗೊಂಬಾ. ಆ ಎರಡು ಹಡಗಿನ ಪಕ್ಕದಲ್ಲಿ ಒಂದು ಶರ್ಟು ಬರಿ" ಅಂದರು ಸಾಹೇಬರು. "ಈ ಸಲಾನೂ ಅಂಗಾತ ಮಲಗೇ ಬರೀಬೇಕು ನೋಡು."